ನಿಂತ ಕಾರಿನ ಬ್ರೇಕು: ಸ್ಪ್ಯಾನರ್ ಹಿಡಿಯುವ ಮೊದಲು ಕಾಲಲ್ಲಿ ನೋಡಿ

2022ರ ಆಯುಧಪೂಜೆ ದಿನ ನಮ್ಮ ಮನೆಯ ಮಾರುತಿ ಝೆನ್ ಕಾರು ನಾಲ್ಕು ನಿಂಬೆಹಣ್ಣಿನ ಜೊತೆ ಗೇಟನ್ನೂ ಜಜ್ಜಿ ಹಾಕಿತು.

ಗಾಡಿ ಅಪ್ಪನದು, 1998ರ ಮಾಡೆಲ್. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಅಂತ ಶೆಡ್ಡಿಗೆ ಸೇರಿತು. ಆಮೇಲೆ ಅಪ್ಪನ ಕಣ್ಣಿನ ಆಪರೇಷನ್, ನನ್ನ ಕಾಲೇಜು, ಅದು ಇದು ಅಂತ ಎರಡೂವರೆ ವರ್ಷ ಅಲ್ಲೇ ಉಳಿಯಿತು. ಎರಡು ಹಬ್ಬಕ್ಕೆ ನಿಂತಲ್ಲೇ ಕುಂಕುಮ, ನಿಂತಲ್ಲೇ ಚೆಂಡುಹೂವು. ಮೂರನೆಯ ಸಲ ಅಪ್ಪ ಒಪ್ಪಲಿಲ್ಲ. "ನಿಂಬೆಹಣ್ಣು ಹತ್ತಿಸ್ದೆ ಅದೆಂಥಾ ಪೂಜೆನೇ?" ಅಂದರು. ಹಳೇ ಪೆಟ್ರೋಲ್ ತೆಗೆಸಿದೆ, ಹೊಸ ಬ್ಯಾಟರಿ ಹಾಕಿಸಿದೆ, ಟೈರಿಗೆ ಗಾಳಿ ತುಂಬಿಸಿದೆ. ಎಂಜಿನ್ ಕೆಮ್ಮಿ ಕೆಮ್ಮಿ ಎದ್ದಿತು. ಬ್ರೇಕ್ ಒಮ್ಮೆ ತುಳಿದು ನೋಡಿದೆ, ಗಟ್ಟಿಯಾಗೇ ಇತ್ತು. ಸರಿ ಅಂತ ಫಸ್ಟ್ ಗೇರ್ ಹಾಕಿ ಕ್ಲಚ್ ಬಿಟ್ಟರೆ ಗಾಡಿ ಕದಲಲಿಲ್ಲ. ಸ್ವಲ್ಪ ಆಕ್ಸಿಲರೇಟರ್ ಕೊಟ್ಟೆ. ಹಿಂದಿನಿಂದ ಟಕ್ ಅಂತ ಸದ್ದು ಬಂತು, ಹಗ್ಗ ಕಳಚಿದ ಕರುವಿನ ಹಾಗೆ ಗಾಡಿ ಮುಂದಕ್ಕೆ ನುಗ್ಗಿತು. ಬ್ರೇಕ್ ತುಳಿದೆ. ಪೆಡಲ್ ಸೀದಾ ನೆಲಕ್ಕೆ ಹೋಯಿತು.

ನಾನು ಪಿಯು ಕಾಲೇಜೊಂದರ ಫಿಸಿಕ್ಸ್ ಲ್ಯಾಬಿನಲ್ಲಿ ಕೆಲಸ ಮಾಡುವವಳು. ದ್ರವದ ಮೇಲೆ ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹೋಗುತ್ತದೆ ಅನ್ನುವ ಪಾಸ್ಕಲನ ನಿಯಮವನ್ನು ಎರಡು ಸಿರಿಂಜು, ಒಂದು ಪೈಪು ಇಟ್ಟುಕೊಂಡು ಎಷ್ಟು ವರ್ಷದಿಂದ ಮಕ್ಕಳಿಗೆ ತೋರಿಸುತ್ತಿದ್ದೇನೋ. ಕಾರಿನ ಬ್ರೇಕೂ ಅದೇ. ಕಾಲು ಒತ್ತುವುದು ಮಾಸ್ಟರ್ ಸಿಲಿಂಡರನ್ನು. ಅಲ್ಲಿಂದ ಪೈಪಿನಲ್ಲಿ ಬ್ರೇಕ್ ಆಯಿಲ್ ಒತ್ತಡ ಹೊತ್ತು ನಾಲ್ಕು ಚಕ್ರಕ್ಕೆ ಹೋಗುತ್ತದೆ. ಮುಂದೆ ಪ್ಯಾಡುಗಳು ಡಿಸ್ಕನ್ನು ಹಿಚುಕುತ್ತವೆ, ಹಿಂದೆ ಶೂಗಳು ಅಗಲವಾಗಿ ಡ್ರಮ್ಮಿಗೆ ಒತ್ತಿಕೊಳ್ಳುತ್ತವೆ. ಹಾಗಾಗಿ ಬ್ರೇಕ್ ಫೇಲ್ ಅಂದರೆ ಕೇಳಬೇಕಾದ್ದು ಒಂದೇ: ಕಾಲು ಕೊಟ್ಟ ಒತ್ತಡ ದಾರಿಯಲ್ಲಿ ಎಲ್ಲಿ ಕಳೆದುಹೋಯಿತು? ಇದನ್ನು ಬಿಚ್ಚದೆಯೇ ಮುಕ್ಕಾಲು ಪಾಲು ಕಂಡುಹಿಡಿಯಬಹುದು. ನಾನು ಹಾಗೆ ಮಾಡದೆ ಮೊದಲೇ ಸ್ಪ್ಯಾನರ್ ಹಿಡಿದೆ. ಅದರಿಂದ ಚೆನ್ನಾಗಿದ್ದ ಒಂದು ಪಾರ್ಟನ್ನೂ ಕೆಡಿಸಿದೆ. ಆ ಕತೆ ಮುಂದೆ ಬರುತ್ತದೆ.

ಗಾಡಿ ಕದಲಬಾರದು

ನಮ್ಮದು ಬೆಂಗಳೂರಿನ ಹನುಮಂತನಗರ. ರಾಮಾಂಜನೇಯ ಗುಡ್ಡದ ಕಡೆಯ ರಸ್ತೆಗಳೆಲ್ಲ ಇಳಿಜಾರು. ಗ್ಯಾರೇಜು ಇರುವುದು ಮುಂದಿನ ಕ್ರಾಸಿನಲ್ಲಿ, ಇನ್ನೂರು ಮೀಟರ್ ಅಷ್ಟೆ. ಅವತ್ತು ಅಕ್ಕಪಕ್ಕದವರೆಲ್ಲ "ಹ್ಯಾಂಡ್‌ಬ್ರೇಕಲ್ಲಿ ನಿಧಾನಕ್ಕೆ ತಗೊಂಡ್ಹೋಗಿಬಿಡಿ" ಅಂದರು. ಹೋಗಬೇಡಿ. ಹ್ಯಾಂಡ್‌ಬ್ರೇಕ್ ಹಿಂದಿನ ಎರಡು ಚಕ್ರ ಮಾತ್ರ ಹಿಡಿಯುವುದು, ಅದೂ ಎರಡೂವರೆ ವರ್ಷ ತುಕ್ಕು ಹಿಡಿದ ಕೇಬಲಿನಲ್ಲಿ. ಮೆಕ್ಯಾನಿಕ್ಕನ್ನೇ ಮನೆಗೆ ಕರೆಸಿ, ಇಲ್ಲವಾದರೆ ಟೋ ಗಾಡಿ ಕರೆಸಿ.

ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡಿ. ನಮ್ಮ ಶೆಡ್ಡಿನಲ್ಲಿ ಮನೆ ಕಟ್ಟಿದಾಗ ಉಳಿದ ಸೈಜುಗಲ್ಲು ಇತ್ತು, ಅದು ಬಹಳ ಒಳ್ಳೆಯದು. ಹಾಲೋ ಬ್ಲಾಕ್ ಬೇಡ, ಭಾರ ಬಿದ್ದರೆ ಒಡೆದು ಪುಡಿಯಾಗುತ್ತದೆ. ಚಕ್ರ ಬಿಚ್ಚುವುದಾದರೆ ಜಾಕಿಯೊಂದನ್ನೇ ನಂಬಬೇಡಿ, ಸ್ಟ್ಯಾಂಡ್ ಕೊಡಿ. ಬರೀ ಜಾಕಿ ಮೇಲೆ ನಿಂತ ಗಾಡಿಯ ಕೆಳಗೆ ಕೈ ಕೂಡ ಹಾಕಬೇಡಿ.

ಆ ಟಕ್ ಸದ್ದಿಗೆ ಕಾರಣವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅಪ್ಪ ಶೆಡ್ಡಿಗೆ ಹಾಕುವಾಗ ಹ್ಯಾಂಡ್‌ಬ್ರೇಕ್ ಎಳೆದು ಬಿಟ್ಟಿದ್ದರು. ಶೂ ಡ್ರಮ್ಮಿಗೆ ಒತ್ತಿಕೊಂಡೇ ಮೂರು ಮಳೆಗಾಲ ಕಳೆದಿತ್ತು. ಆ ವರ್ಷದ ಸೆಪ್ಟೆಂಬರಿನ ಮಳೆ ನೆನಪಿದೆಯಲ್ವಾ, ಊರೇ ಕೆರೆ ಆಗಿತ್ತು, ನಮ್ಮ ಶೆಡ್ಡಿಗೂ ನೀರು ನುಗ್ಗಿತ್ತು. ತುಕ್ಕು ಎರಡನ್ನೂ ಬೆಸೆದುಬಿಟ್ಟಿತ್ತು. ಹೀಗೆ ಜಾಮ್ ಆದ ಗಾಡಿಯನ್ನು ಎಂಜಿನ್ ಜೋರಿನಲ್ಲಿ ಬಿಡಿಸಬಾರದು. ಶೂನ ಲೈನಿಂಗ್ ಕಿತ್ತು ಬರಬಹುದು. ಡ್ರಮ್ಮಿನ ಅಂಚಿಗೆ ಸುತ್ತಲೂ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ, ಗಾಡಿಯನ್ನು ಕೈಯಲ್ಲಿ ಹಿಂದೆ ಮುಂದೆ ತಳ್ಳಿದರೆ ಸಾಮಾನ್ಯವಾಗಿ ಬಿಡುತ್ತದೆ. ಜಾಸ್ತಿ ದಿನ ನಿಲ್ಲಿಸುವಾಗ ಗೇರಿನಲ್ಲಿ ಹಾಕಿ, ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಇಳಿಸಿ ನಿಲ್ಲಿಸಿ.

ಬಾನೆಟ್ ಎತ್ತಿ, ಬೊಟ್ಟು ಇಡಿ

ಬ್ರೇಕ್ ಆಯಿಲಿನ ಚಿಕ್ಕ ಡಬ್ಬಿ ಎಂಜಿನ್ನಿನ ಹಿಂದೆ, ಡ್ರೈವರ್ ಕಡೆ ಇರುತ್ತದೆ. ಮುಚ್ಚಳ ತೆಗೆಯುವ ಮುಂಚೆ ಸುತ್ತ ಒರೆಸಿ, ಕಸ ಒಳಗೆ ಬೀಳಬಾರದು. ಹೊಸ ಆಯಿಲ್ ತೆಳು ಜೇನಿನ ಬಣ್ಣಕ್ಕಿರುತ್ತದೆ. ನಮ್ಮದು ಗಟ್ಟಿ ಡಿಕಾಕ್ಷನ್ ತರ ಇತ್ತು. ಮಟ್ಟವೂ ಕೆಳಗಿನ ಗೆರೆಗಿಂತ ಕೆಳಗೆ.

ಇಲ್ಲಿ ಎಲ್ಲರೂ ಮಾಡುವ ತಪ್ಪು, ತಕ್ಷಣ ಆಯಿಲ್ ತುಂಬಿಸಿ ಸುಮ್ಮನಾಗುವುದು. ಬ್ರೇಕ್ ಆಯಿಲ್ ಪೆಟ್ರೋಲ್ ತರ ಖರ್ಚಾಗುವ ವಸ್ತು ಅಲ್ಲ. ಪ್ಯಾಡ್ ಸವೆದಂತೆ ವರ್ಷಗಳಲ್ಲಿ ಮಟ್ಟ ಚೂರು ಇಳಿಯುತ್ತದೆ, ಅದು ಸಹಜ. ರಾತ್ರಿ ಬೆಳಗಾಗುವುದರಲ್ಲಿ ಇಳಿದರೆ ಎಲ್ಲೋ ಸೋರುತ್ತಿದೆ ಅಂತಲೇ. ನಾನು ಏನು ಮಾಡಿದೆ ಅಂದರೆ, ಮೇಲಿನ ಗೆರೆವರೆಗೆ ತುಂಬಿಸಿ, ಆಯಿಲ್ ನಿಂತ ಮಟ್ಟಕ್ಕೆ ಸರಿಯಾಗಿ ಡಬ್ಬಿಯ ಹೊರಗೆ ಹಣೆಯ ಸ್ಟಿಕ್ಕರ್ ಬೊಟ್ಟೊಂದನ್ನು ಅಂಟಿಸಿದೆ. ಅಪ್ಪ ನಕ್ಕರು. ಆದರೆ ಆಮೇಲೆ ಎರಡು ಸಲ ದಾರಿ ತೋರಿಸಿದ್ದು ಆ ಬೊಟ್ಟೇ.

ಯಾವ ಆಯಿಲ್? ಮುಚ್ಚಳದ ಮೇಲೇ ಬರೆದಿರುತ್ತದೆ. ಡಾಟ್ 3, ಡಾಟ್ 4 ಒಂದೇ ಜಾತಿಯವು, ಬೆರೆತರೆ ತೊಂದರೆ ಇಲ್ಲ. ಡಾಟ್ 5 ಸಿಲಿಕೋನಿನದು, ಅದನ್ನು ಇವುಗಳ ಜೊತೆ ಸೇರಿಸಲೇಬಾರದು. ಎಂಜಿನ್ ಆಯಿಲ್, ಸ್ಟೀರಿಂಗ್ ಆಯಿಲ್ ಅಂತೂ ಒಂದು ತೊಟ್ಟೂ ಬೇಡ, ಒಳಗಿನ ರಬ್ಬರ್ ಎಲ್ಲ ಊದಿಕೊಂಡು ಹಾಳಾಗುತ್ತದೆ. ಹೋದ ವರ್ಷ ಮುಚ್ಚಳ ತೆಗೆದು ಉಳಿಸಿದ ಬಾಟಲಿಯದೂ ಬೇಡ. ಯಾಕೆಂದರೆ ಈ ಆಯಿಲ್ ಗಾಳಿಯಲ್ಲಿರುವ ತೇವ ಹೀರುತ್ತದೆ. ಉಪ್ಪಿನ ಡಬ್ಬಿ ಮುಚ್ಚದೆ ಇಟ್ಟ ಹಾಗೆ. ಹೊಸ ಡಾಟ್ 3 ಕುದಿಯಲು ಕನಿಷ್ಠ 205 ಡಿಗ್ರಿ ಬೇಕು, ನೀರು ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4 ಆದರೆ 230ರಿಂದ 155ಕ್ಕೆ. ಊರೊಳಗೆ ಗೊತ್ತಾಗುವುದಿಲ್ಲ. ನಂದಿಬೆಟ್ಟ ಇಳಿಯುವಾಗ ತಿರುವು ತಿರುವಿಗೂ ಬ್ರೇಕ್ ಹಿಡಿದು ಬಿಸಿಯಾದರೆ ಒಳಗೆ ಆವಿ ಎದ್ದು ಪೆಡಲ್ ಮೆತ್ತಗಾಗುತ್ತದೆ. ನಿಂತ ಗಾಡಿಯಲ್ಲಿ ಆ ನೀರು ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಸಿಲಿಂಡರಿನ ಒಳಗೋಡೆಗೆ ತುಕ್ಕು ಹಿಡಿಸುತ್ತದೆ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ ಅನ್ನುವುದು ಅದಕ್ಕೇ.

ಹಾಗೇ, ಬ್ರೇಕ್ ಆಯಿಲ್ ಪೇಂಟಿನ ಮೇಲೆ ಬಿದ್ದರೆ ಪೇಂಟ್ ಏಳುತ್ತದೆ. ಬಿದ್ದ ತಕ್ಷಣ ನೀರು ಸುರಿದು ತೊಳೆಯಿರಿ.

ಈಗ ಕಾಲು

ಎಂಜಿನ್ ಆಫ್ ಇರಲಿ. ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಕೂತುಕೊಳ್ಳಿ, ಬೂಟಿನಲ್ಲಿ ಇದು ಗೊತ್ತಾಗುವುದಿಲ್ಲ. ಅಪ್ಪ ಎಚ್‌ಎಂಟಿ ಗಡಿಯಾರ ಕಾರ್ಖಾನೆಯಲ್ಲಿದ್ದವರು. ವಾಚು ರಿಪೇರಿಗೆ ಬಂದರೆ ಮೊದಲು ಕಿವಿಗೆ ಹಿಡಿಯುತ್ತಿದ್ದರು, ಆಮೇಲೆ ಹಿಂದಿನ ಮುಚ್ಚಳ. "ಬಿಚ್ಚೋಕೆ ಮುಂಚೆ ಅದು ಹೇಳೋದನ್ನ ಕೇಳು" ಅನ್ನುವುದು ಅವರ ಮಾತು. ಪೆಡಲಿಗೂ ಅದು ಸರಿ.

ಮೊದಲು ಒಂದೇ ಸಲ, ಸಾಧಾರಣ ಜೋರಿನಲ್ಲಿ ತುಳಿದು ಹಿಡಿದುಕೊಳ್ಳಿ. ಮನಸ್ಸಿನಲ್ಲಿ ಅರವತ್ತು ಎಣಿಸಿ. ಪೆಡಲ್ ನಿಂತಲ್ಲೇ ನಿಂತಿದೆಯೋ, ನಿಧಾನವಾಗಿ ಕೆಳಗಿಳಿಯುತ್ತಿದೆಯೋ ನೋಡಿ. ಇಳಿಯುತ್ತಿದ್ದರೆ ಒತ್ತಡ ಎಲ್ಲೋ ಜಾರುತ್ತಿದೆ. ಅದು ಹೊರಗೆ ಸೋರಿಕೆ ಇರಬಹುದು, ಇಲ್ಲವೇ ಮಾಸ್ಟರ್ ಸಿಲಿಂಡರಿನ ಒಳಗೇ ಆಯಿಲ್ಲು ಅಲ್ಲಿನ ರಬ್ಬರ್ ವಾಷರನ್ನು ದಾಟಿ ಹಿಂದಕ್ಕೆ ಬರುತ್ತಿರಬಹುದು. ಇವೆರಡನ್ನು ಬೇರೆ ಮಾಡುವುದು ಬೊಟ್ಟಿನ ಕೆಲಸ. ಮಟ್ಟ ಬೊಟ್ಟಿಗಿಂತ ಕೆಳಗೆ ಹೋದರೆ ಹೊರಗಿನ ಸೋರಿಕೆ. ಬೊಟ್ಟಿನ ಹತ್ತಿರವೇ ನಿಂತಿದ್ದು ಪೆಡಲ್ ಮಾತ್ರ ಇಳಿದರೆ ಮಾಸ್ಟರ್ ಸಿಲಿಂಡರ್.

ಇನ್ನೊಂದು ಪರೀಕ್ಷೆ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ಒಮ್ಮೆ ಪಟ್ ಅಂತ ತುಳಿಯಿರಿ. ಬಿಟ್ಟು, ಇನ್ನೊಮ್ಮೆ ಮೊಟ್ಟೆ ಮೇಲೆ ಕಾಲಿಟ್ಟ ಹಾಗೆ ನಿಧಾನಕ್ಕೆ ಒತ್ತಿ. ಜೋರಾಗಿ ತುಳಿದಾಗ ಗಟ್ಟಿ, ಮೆಲ್ಲಗೆ ಒತ್ತಿದಾಗ ನೆಲಕ್ಕೆ ಹೋಗುತ್ತದೆ ಅಂದರೆ ಮಾಸ್ಟರ್ ಸಿಲಿಂಡರಿನ ವಾಷರ್ ಸೋತಿದೆ. ವೇಗವಾಗಿ ಒತ್ತಿದರೆ ಆ ರಬ್ಬರಿನ ತುಟಿ ಅಗಲವಾಗಿ ಗೋಡೆಗೆ ಅಂಟಿಕೊಳ್ಳುತ್ತದೆ, ಮೆಲ್ಲಗೆ ಒತ್ತಿದರೆ ಆಯಿಲ್ ಪಕ್ಕದಿಂದ ನುಸುಳುತ್ತದೆ. ಹಬ್ಬದ ದಿನ ನಾನು ಒಮ್ಮೆ ಗಟ್ಟಿಯಾಗಿ ತುಳಿದು "ಬ್ರೇಕ್ ಇದೆ" ಅಂದುಕೊಂಡೆನಲ್ಲ, ಆ ಒಂದು ತುಳಿತದಿಂದ ಏನೂ ತಿಳಿಯುವುದಿಲ್ಲ.

ಮೂರನೆಯದು ಪಂಪ್ ಮಾಡುವುದು. ಮೊದಲ ತುಳಿತಕ್ಕೆ ಆಳಕ್ಕೆ ಹೋಗಿ, ಮೂರು ನಾಲ್ಕು ಸಲ ತುಳಿದರೆ ಮೇಲೆ ಬರುತ್ತದೆಯಾ? ಮೇಲೆ ಬಂದರೂ ಸ್ಪಂಜು ಒತ್ತಿದ ಹಾಗೆ ಮೆತ್ತಗಿದ್ದರೆ ಪೈಪಿನಲ್ಲಿ ಗಾಳಿ ಸೇರಿದೆ. ಆಯಿಲ್ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ, ನಿಮ್ಮ ಕಾಲಿನ ಶಕ್ತಿ ಗಾಳಿ ಹಿಚುಕುವುದರಲ್ಲೇ ಮುಗಿಯುತ್ತದೆ. ಮೇಲೆ ಬಂದ ಮೇಲೆ ಕಲ್ಲಿನ ಹಾಗೆ ಗಟ್ಟಿಯಾದರೆ ಗಾಳಿ ಅಲ್ಲ. ಹಿಂದಿನ ಶೂಗಳು ಸವೆದು ಡ್ರಮ್ಮಿನಿಂದ ದೂರ ಸರಿದಿವೆ, ಅಲ್ಲಿಗೆ ತಲುಪಲು ಅಷ್ಟು ಆಯಿಲ್ ಬೇಕಾಗುತ್ತಿದೆ. ಅನುಮಾನ ಇದ್ದರೆ ಹ್ಯಾಂಡ್‌ಬ್ರೇಕ್ ಪೂರ್ತಿ ಎಳೆದು ಪೆಡಲ್ ಒತ್ತಿ ನೋಡಿ. ಈಗ ಮೊದಲ ತುಳಿತಕ್ಕೇ ಪೆಡಲ್ ಎತ್ತರದಲ್ಲಿ ನಿಂತರೆ ಶೂ ಅಡ್ಜಸ್ಟ್ ಮಾಡಿಸುವುದಷ್ಟೇ ಕೆಲಸ.

ಪೆಡಲ್ ಎಷ್ಟು ಪಂಪ್ ಮಾಡಿದರೂ ಏಳದೆ ಸತ್ತ ಹಾಗೆ ಬಿದ್ದಿದ್ದರೆ ಆಯಿಲ್ಲೇ ಖಾಲಿ, ಇಲ್ಲಾ ದೊಡ್ಡ ಸೋರಿಕೆ. ಅರ್ಧಕ್ಕೆ ಹೋಗಿ ನಿಂತು ಗಾಡಿ ಅರೆಬರೆ ಹಿಡಿದರೆ? ನಮ್ಮಂಥ ಗಾಡಿಗಳಲ್ಲಿ ಮಾಸ್ಟರ್ ಸಿಲಿಂಡರ್ ಒಳಗೆ ಎರಡು ಭಾಗ ಇರುತ್ತದೆ. ಒಂದು ಸೋತರೂ ಇನ್ನೊಂದು ಎರಡು ಚಕ್ರ ಹಿಡಿಯಲಿ ಅಂತ. ಅರ್ಧ ಬ್ರೇಕ್ ಅಂದರೆ ಒಂದು ಭಾಗ ಹೋಗಿದೆ ಅಂತ ಅರ್ಥ, "ಇನ್ನೂ ಅರ್ಧ ಇದೆ" ಅಂತ ಅಲ್ಲ.

ಪೇಪರ್ ಹಾಸಿ ಸೋರಿಕೆ ಹುಡುಕುವುದು

ನಾಲ್ಕು ಚಕ್ರದ ಕೆಳಗೂ, ಎಂಜಿನ್ ಹಿಂದಿನ ಗೋಡೆಯ ಕೆಳಗೂ ಹಳೇ ನ್ಯೂಸ್‌ಪೇಪರ್ ಹಾಸಿ. ಹತ್ತು ಹದಿನೈದು ಸಲ ಪೆಡಲ್ ಅರ್ಧದಷ್ಟು ಒತ್ತಿ ಬಿಟ್ಟು, ರಾತ್ರಿ ಬಿಡಿ. ಬೆಳಗ್ಗೆ ನೋಡಿದರೆ ನಮ್ಮ ಹಿಂದಿನ ಎಡ ಚಕ್ರದ ಪೇಪರಿನ ಮೇಲೆ ಅಂಗೈ ಅಗಲ ಕಲೆ. ಅದು ಬ್ರೇಕ್ ಆಯಿಲ್ಲಾ, ಬೇರೆ ಏನಾದರೂನಾ? ಕೈಯಲ್ಲಿ ಜಾರುತ್ತದೆ ಅನ್ನುವುದು ಸಾಕಾಗುವುದಿಲ್ಲ. ಒಂದು ಲೋಟ ನೀರಿಗೆ ಎರಡು ತೊಟ್ಟು ಬಿಡಿ. ಬ್ರೇಕ್ ಆಯಿಲ್ ನೀರಿನಲ್ಲಿ ಕರಗಿಹೋಗುತ್ತದೆ. ಎಂಜಿನ್ ಆಯಿಲ್ಲೋ ಗೇರ್ ಆಯಿಲ್ಲೋ ಆದರೆ ಮೇಲೆ ತೇಲುತ್ತದೆ. ಆ ಲೋಟವನ್ನು ಅಡುಗೆಮನೆಗೆ ವಾಪಸ್ ತರಬೇಡಿ, ಬ್ರೇಕ್ ಆಯಿಲ್ ವಿಷ. ನಾನು ಲ್ಯಾಬಿನ ಹಳೇ ಬೀಕರ್ ಇಟ್ಟುಕೊಂಡಿದ್ದೆ.

ಪೇಪರ್ ಒಣಗಿದ್ದರೂ ಟೈರಿನ ಒಳಮೈ ಮುಟ್ಟಿ ನೋಡಿ. ಹಿಂದಿನ ಡ್ರಮ್ಮಿನೊಳಗೆ ವೀಲ್ ಸಿಲಿಂಡರ್ ಅಂತ ಬೆರಳುದ್ದದ ಪಾರ್ಟ್ ಇರುತ್ತದೆ. ಶೂಗಳನ್ನು ಅಗಲಿಸುವುದು ಅದೇ. ನಿಂತ ಗಾಡಿಯಲ್ಲಿ ಮೊದಲು ಕೈಕೊಡುವುದೂ ಜಾಸ್ತಿ ಅದೇ. ಪಿಸ್ಟನ್ ವರ್ಷಗಟ್ಟಲೆ ಒಂದೇ ಕಡೆ ಕೂತಿರುತ್ತದೆ, ಅದರ ಅಕ್ಕಪಕ್ಕ ತುಕ್ಕು ಏಳುತ್ತದೆ, ಒಂದು ದಿನ ನಾವು ತುಳಿದಾಗ ರಬ್ಬರ್ ವಾಷರ್ ಆ ತುಕ್ಕಿನ ಮೇಲೆ ಹೋಗಿ ಹರಿಯುತ್ತದೆ. ಆಯಿಲ್ ಮೊದಲು ಡ್ರಮ್ಮಿನೊಳಗೇ ಸೇರುತ್ತದೆ, ಶೂ ನೆನೆಯುತ್ತದೆ. ಹೊರಗೆ ಬರಲು ಸಮಯ ಬೇಕು.

ಡ್ರಮ್ ಬಿಚ್ಚಲು ನನ್ನ ಕೈಲಿ ಆಗಲಿಲ್ಲ. ಗ್ಯಾರೇಜಿನ ಭಾಯ್ ಬಂದರು. ಅವರ ತಂದೆ ಕಾಲದಿಂದಲೂ ಅಪ್ಪನ ಗಾಡಿಗಳು ಅಲ್ಲೇ. ಡ್ರಮ್ ತೆಗೆದವರು ಒಳಗಿನ ಧೂಳನ್ನು ಊದಲಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿದರು. ಹಳೇ ಶೂಗಳಲ್ಲಿ ಆಸ್ಬೆಸ್ಟಾಸ್ ಇರಬಹುದು, ಆ ಧೂಳು ಶ್ವಾಸಕೋಶಕ್ಕೆ ಹೋಗಬಾರದು. ಸಿಲಿಂಡರಿನ ತುದಿಯ ರಬ್ಬರ್ ಟೋಪಿಯನ್ನು ಸ್ಕ್ರೂಡ್ರೈವರ್ ತುದಿಯಿಂದ ಎತ್ತಿದರು. ಕಂದು ನೀರು ಇಳಿಯಿತು. "ನೋಡಿ ಮೇಡಂ, ಚೂರು ಪಸೆ ಇದ್ರೆ ಪರ್ವಾಗಿಲ್ಲ. ಹಿಂಗೆ ಸುರಿದ್ರೆ ಮುಗೀತು" ಅಂದರು. ಎರಡೂ ಹಿಂದಿನ ವೀಲ್ ಸಿಲಿಂಡರ್, ಎರಡೂ ಕಡೆ ಶೂ ಹೊಸದು ಹಾಕಬೇಕು ಅಂತಾಯಿತು. ಒಂದು ಕಡೆ ಮಾತ್ರ ಬದಲಿಸಿದರೆ ಬ್ರೇಕ್ ಹಾಕಿದಾಗ ಗಾಡಿ ಪಕ್ಕಕ್ಕೆ ಎಳೆಯುತ್ತದೆ. ಆಯಿಲ್ ಕುಡಿದ ಶೂವನ್ನು ಪೆಟ್ರೋಲಿನಲ್ಲಿ ತೊಳೆದು ವಾಪಸ್ ಹಾಕುವವರಿದ್ದಾರೆ. ಬಿಸಿಯಾದಾಗ ಆ ಆಯಿಲ್ ಮತ್ತೆ ಹೊರಗೆ ಬರುತ್ತದೆ, ಆ ಉಳಿತಾಯ ಬೇಡ.

ಸಾಮಾನಿಗೆ ನಾನೇ ಜೆ.ಸಿ. ರಸ್ತೆಗೆ ಹೋದೆ. ಹಳೇ ಪಾರ್ಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಹೋಗಿ, ಕೌಂಟರಿನ ಮೇಲೆ ಅಕ್ಕಪಕ್ಕ ಇಟ್ಟು ಹೋಲಿಸಿ. ಒಂದೇ ಹೆಸರಿನ ಗಾಡಿಗೆ ವರ್ಷಕ್ಕೊಂದು ಅಳತೆ ಇರುತ್ತದೆ. ಗುಜರಿಯಲ್ಲಿ ಬಾಗಿಲು, ಕನ್ನಡಿ, ಸೀಟು ತಗೊಳ್ಳಿ. ಬ್ರೇಕಿನ ಸಾಮಾನು ಮಾತ್ರ ಹೊಸದೇ ಇರಲಿ.

ನಾನು ಕೆಡಿಸಿದ್ದು

ಭಾಯ್ ಪಾರ್ಟ್ ಹಾಕಿ, ಪೈಪಿನೊಳಗೆ ಸೇರಿದ ಏರ್ ತೆಗೆಯಲು ಸಂಜೆ ಬರುತ್ತೇನೆ ಅಂತ ಹೋದರು. ನನಗೆ ತಡೆಯಲಾಗಲಿಲ್ಲ. ಲ್ಯಾಬಿನವಳಿಗೆ ಇಷ್ಟೂ ಬರಲ್ವಾ ಅಂತ ಅಕ್ಕನ ಮಗನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದೆ. ವಿಧಾನ ಕಷ್ಟ ಇಲ್ಲ. ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರದಿಂದ ಶುರು ಮಾಡಬೇಕು, ನಮ್ಮ ಗಾಡಿಗಳಲ್ಲಿ ಅದು ಸಾಮಾನ್ಯವಾಗಿ ಹಿಂದಿನ ಎಡ. ಚಕ್ರದ ಹಿಂದೆ ಗಾಳಿ ಬಿಡಲೆಂದೇ ಇರುವ ಬ್ಲೀಡರ್ ನಿಪ್ಪಲ್ಲಿಗೆ ಪಾರದರ್ಶಕ ಪೈಪು ಸಿಕ್ಕಿಸಿ, ಇನ್ನೊಂದು ತುದಿಯನ್ನು ಸ್ವಲ್ಪ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಬೇಕು. ಒಳಗಿದ್ದವರು ಒತ್ತಿ ಹಿಡಿದಾಗ ನಿಪ್ಪಲ್ ಸಡಿಲಿಸಬೇಕು, ಗುಳ್ಳೆ ಆಯಿಲ್ ಹೊರಬರುತ್ತದೆ. ನಿಪ್ಪಲ್ ಬಿಗಿ ಮಾಡಿದ ಮೇಲೇ ಅವರು ಕಾಲು ತೆಗೆಯಬೇಕು. ಮೊದಲೇ ತೆಗೆದರೆ ಗಾಳಿ ವಾಪಸ್ ಎಳೆದುಕೊಳ್ಳುತ್ತದೆ. ಡಬ್ಬಿ ಖಾಲಿಯಾಗದಂತೆ ಮಧ್ಯೆ ಮಧ್ಯೆ ತುಂಬಿಸುತ್ತಿರಬೇಕು. ಗುಳ್ಳೆ ನಿಂತು ತಿಳಿ ಆಯಿಲ್ ಬರುವವರೆಗೆ ಇದೇ ಕೆಲಸ.

ಎಲ್ಲ ಸರಿಯಾಗಿ ಮಾಡಿದೆವು. "ಒತ್ತು, ಪೂರ್ತಿ ಒತ್ತು" ಅಂತ ನಾನು ಕೂಗಿದ್ದೊಂದನ್ನು ಬಿಟ್ಟು. ಹುಡುಗ ಇಪ್ಪತ್ತರ ಪ್ರಾಯ, ಜಿಮ್ಮಿಗೆ ಹೋಗುವವನು. ಪ್ರತಿ ಸಲ ಪೆಡಲ್ ನೆಲಕ್ಕೆ ಗುದ್ದಿದ. ಸಂಜೆ ಹೊತ್ತಿಗೆ ಪೆಡಲ್ ಎತ್ತರದಲ್ಲಿ, ಗಟ್ಟಿ. ಭಾಯ್‌ಗೆ ಫೋನ್ ಮಾಡಿ ಬರಬೇಡಿ ಅಂದೆ. ಎಷ್ಟು ಹೆಮ್ಮೆ!

ಎರಡು ದಿನಕ್ಕೆ ಅರವತ್ತು ಎಣಿಸುವ ಪರೀಕ್ಷೆಯಲ್ಲಿ ಪೆಡಲ್ ಇಳಿಯತೊಡಗಿತು. ಪೇಪರ್ ಎಲ್ಲ ಒಣ. ಆಯಿಲ್ ಬೊಟ್ಟಿನ ಮಟ್ಟಕ್ಕೇ ಇದೆ. ಮೆಲ್ಲಗೆ ಒತ್ತಿದರೆ ನೆಲಕ್ಕೆ. ಇನ್ನೂ ಗಾಳಿ ಇರಬೇಕು ಅಂತ ಇನ್ನೊಮ್ಮೆ ಏರ್ ತೆಗೆದೆ. ಇನ್ನೂ ಕೆಟ್ಟಿತು.

ಭಾಯ್ ಬಂದು ಕೇಳಿದ ಮೊದಲ ಮಾತು, "ಪೆಡಲ್ ಕೆಳಗೆ ಕಟ್ಟಿಗೆ ಇಟ್ಟಿದ್ರಾ?" ಇಟ್ಟಿರಲಿಲ್ಲ. ವಿಷಯ ಹೀಗೆ. ದಿನಾ ಓಡಿಸುವಾಗ ಪೆಡಲ್ ಅರ್ಧದಷ್ಟೂ ಕೆಳಗೆ ಹೋಗುವುದಿಲ್ಲ. ಮಾಸ್ಟರ್ ಸಿಲಿಂಡರಿನ ವಾಷರ್ ಓಡಾಡುವ ಜಾಗ ಮಾತ್ರ ನುಣ್ಣಗಿರುತ್ತದೆ. ಅದರ ಆಚೆ ವರ್ಷಗಳ ಕಸ, ತುಕ್ಕು ಕೂತಿರುತ್ತದೆ. ಏರ್ ತೆಗೆಯುವಾಗ ನೆಲಕ್ಕೆ ಒತ್ತಿದರೆ ಮುಪ್ಪಾದ ವಾಷರ್ ಆ ಒರಟು ಜಾಗಕ್ಕೆ ನುಗ್ಗಿ ಗೀರಿಕೊಳ್ಳುತ್ತದೆ. ಅದಕ್ಕೇ ಪೆಡಲಿನ ಕೆಳಗೆ ಮರದ ತುಂಡೊಂದನ್ನು ಇಟ್ಟು, ಅರ್ಧಕ್ಕಿಂತ ಜಾಸ್ತಿ ಇಳಿಯದಂತೆ ಮಾಡಿಕೊಂಡು ಏರ್ ತೆಗೆಯಬೇಕು. ಹಳೇ ಗಾಡಿಯಲ್ಲಂತೂ ಕಡ್ಡಾಯ.

ಆದರೂ ಭಾಯ್ ಸುಮ್ನೆ ಹೊಸ ಮಾಸ್ಟರ್ ಸಿಲಿಂಡರ್ ತನ್ನಿ ಅನ್ನಲಿಲ್ಲ. ಅದರಿಂದ ಹೊರಡುವ ಪೈಪುಗಳನ್ನು ಬಿಚ್ಚಿ, ಆ ತೂತುಗಳಿಗೆ ಅದೇ ಥ್ರೆಡ್ಡಿನ, ನಡುವೆ ತೂತಿಲ್ಲದ ಕುರುಡು ಬೋಲ್ಟ್ ಹಾಕಿ ಬಿಗಿದರು, ಒಳಗಿನ ಗಾಳಿ ತೆಗೆದರು. ಈಗ ಪೆಡಲ್ ಒತ್ತಿದರೆ ಆಯಿಲ್ಲಿಗೆ ಹೋಗಲು ಎಲ್ಲೂ ದಾರಿ ಇಲ್ಲ. ಮಾಸ್ಟರ್ ಚೆನ್ನಾಗಿದ್ದರೆ ಗೋಡೆ ಒತ್ತಿದ ಹಾಗಿರಬೇಕು. ನಮ್ಮದು ಆಗಲೂ ಮೆಲ್ಲಗೆ ಇಳಿಯಿತು. ಅಲ್ಲಿಗೆ ಬೇರೆ ಕಡೆ ಹುಡುಕುವ ಮಾತೇ ಉಳಿಯಲಿಲ್ಲ. ಗೋಡೆಯ ಹಾಗೆ ನಿಂತಿದ್ದರೆ ತೊಂದರೆ ಪೈಪಿನ ಆಚೆ ಅಂತ ಆಗುತ್ತಿತ್ತು. ಲ್ಯಾಬಿನಲ್ಲಿ ಎಷ್ಟೋ ಪ್ರಯೋಗ ನೋಡಿದ್ದೇನೆ, ಇಷ್ಟು ಸ್ವಚ್ಛವಾದದ್ದು ಕಮ್ಮಿ.

ವಾಷರ್ ಕಿಟ್ ಮಾತ್ರ ಹಾಕಿದರೆ ಅಗ್ಗ. ಆದರೆ ಒಳಗೋಡೆಯಲ್ಲಿ ಉಗುರಿಗೆ ಸಿಗುವ ಗೀರು ಇದ್ದರೆ ಹೊಸ ವಾಷರೂ ಅಲ್ಲೇ ಹರಿಯುತ್ತದೆ. ನಮ್ಮದರಲ್ಲಿ ಗೀರಿತ್ತು. ಪೂರ್ತಿ ಸೆಟ್ಟೇ ಹಾಕಿಸಿದೆ.

ಪೆಡಲ್ ಗಟ್ಟಿ ಇದ್ದೂ ಗಾಡಿ ನಿಲ್ಲದಿದ್ದರೆ

ನನ್ನ ಗಾಡಿಯಲ್ಲಿ ಈ ತೊಂದರೆ ಇರಲಿಲ್ಲ, ಆದರೆ ಭಾಯ್ ಹೇಳಿಕೊಟ್ಟಿದ್ದು ಬರೆದುಬಿಡುತ್ತೇನೆ. ಪೆಡಲ್ ಮರದ ಹಾಗೆ ಗಟ್ಟಿ, ಎದ್ದು ನಿಂತು ತುಳಿದರೂ ಬ್ರೇಕ್ ಹಿಡಿಯಲ್ಲ ಅಂದರೆ ಬೂಸ್ಟರ್, ಅಂದರೆ ಎಂಜಿನ್ನಿನ ಎಳೆತದಿಂದ ಕಾಲಿನ ಒತ್ತಡ ಹೆಚ್ಚಿಸುವ ಪಾರ್ಟು, ನೋಡಿ. ಎಂಜಿನ್ ಆಫ್ ಮಾಡಿ ಐದಾರು ಸಲ ಪೆಡಲ್ ತುಳಿದು ಗಟ್ಟಿ ಮಾಡಿ. ಹಾಗೇ ಒತ್ತಿಕೊಂಡು ಎಂಜಿನ್ ಸ್ಟಾರ್ಟ್ ಮಾಡಿ. ಪೆಡಲ್ ತಾನಾಗಿ ಚೂರು ಕೆಳಗಿಳಿದರೆ ಬೂಸ್ಟರ್ ಜೀವಂತ ಇದೆ. ಇಳಿಯದಿದ್ದರೆ ಮೊದಲು ಎಂಜಿನ್ನಿನಿಂದ ಬೂಸ್ಟರಿಗೆ ಹೋಗುವ ದಪ್ಪ ರಬ್ಬರ್ ಪೈಪ್ ನೋಡಿ. ನಿಂತ ಗಾಡಿ ಅಂದರೆ ಇಲಿಗಳಿಗೆ ಬಾಡಿಗೆ ಇಲ್ಲದ ಮನೆ, ಅವು ವೈರು ಪೈಪು ಯಾವುದನ್ನೂ ಬಿಡುವುದಿಲ್ಲ. ಪೆಡಲ್ ಒತ್ತಿದಾಗ ಕಾಲಿನ ಹತ್ತಿರ ಬುಸ್ ಅಂತ ಸದ್ದು ಬಂದು ಎಂಜಿನ್ ನಡುಗಿದರೆ ಬೂಸ್ಟರ್ ಒಳಗೇ ಹರಿದಿದೆ.

ಬೊಟ್ಟಿಗಿಂತ ಮಟ್ಟ ಇಳಿಯುತ್ತಿದ್ದೂ ಎಲ್ಲೂ ಒದ್ದೆ ಕಾಣದಿದ್ದರೆ, ಮಾಸ್ಟರ್ ಸಿಲಿಂಡರ್ ಮತ್ತು ಬೂಸ್ಟರ್ ಸೇರುವ ಜಾಗದ ಕೆಳಗೆ ಬೆರಳಾಡಿಸಿ. ಅಲ್ಲಿ ಪೇಂಟ್ ಎದ್ದಿದ್ದರೆ ಆಯಿಲ್ ಹಿಂದಿನಿಂದ ಬೂಸ್ಟರಿಗೆ ಇಳಿಯುತ್ತಿದೆ. ಅಲ್ಲಿಂದ ಎಂಜಿನ್ ಹೀರಿಕೊಂಡರೆ ಸೈಲೆನ್ಸರಿನಲ್ಲಿ ಬಿಳಿ ಹೊಗೆ ಬರುತ್ತದೆ.

ಚಕ್ರ ಹಿಡಿದುಕೊಂಡು ಬಿಡುತ್ತಿಲ್ಲವಾ? ಆ ಚಕ್ರ ಎತ್ತಿ, ಬ್ಲೀಡರ್ ನಿಪ್ಪಲ್ ಸಡಿಲಿಸಿ. ಆಯಿಲ್ ಚಿಮ್ಮಿ ಚಕ್ರ ಸಡಿಲವಾದರೆ ಒತ್ತಡ ಅಲ್ಲಿ ಸಿಕ್ಕಿಕೊಂಡಿತ್ತು ಅಂತ. ಒಂದೇ ಚಕ್ರವಾದರೆ ಸಾಮಾನ್ಯವಾಗಿ ರಬ್ಬರ್ ಹೋಸ್ ಒಳಗೆ ಊದಿ ಮುಚ್ಚಿಕೊಂಡಿರುತ್ತದೆ, ಹೊರಗಿನಿಂದ ಹೊಸದರ ಹಾಗೇ ಕಾಣುತ್ತದೆ. ಎಲ್ಲ ಚಕ್ರವೂ ಹೀಗಾದರೆ ಮಾಸ್ಟರಿನಲ್ಲಿ ಆಯಿಲ್ ಹಿಂದಿರುಗುವ ಸಣ್ಣ ತೂತು ಕಟ್ಟಿದೆ, ಇಲ್ಲಾ ಪೆಡಲ್ ಪೂರ್ತಿ ಮೇಲೆ ಬರುತ್ತಿಲ್ಲ. ನಿಪ್ಪಲ್ ಬಿಚ್ಚಿದರೂ ಚಕ್ರ ಬಿಡದಿದ್ದರೆ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಪಿಸ್ಟನ್ ಅಥವಾ ಶೂ ತುಕ್ಕಿಗೆ ಜಾಮ್.

ಮೊದಲ ಓಟ

ಭಾನುವಾರ ಬೆಳಗ್ಗೆ ಆರಕ್ಕೆ, ಸಮತಟ್ಟಾದ ಖಾಲಿ ರಸ್ತೆಯಲ್ಲಿ. ಮೊದಲು ಜನ ನಡೆಯುವ ವೇಗದಲ್ಲಿ, ಆಮೇಲೆ 10, 20 ಕಿಲೋಮೀಟರ್. ಪ್ರತಿ ಸಲವೂ ಪೂರ್ತಿ ನಿಲ್ಲಿಸಿ. ಡಿಸ್ಕಿನ ಮೇಲಿನ ಕೆಂಪು ತುಕ್ಕು ಮೊದಲ ಹತ್ತು ಹದಿನೈದು ಬ್ರೇಕಿಗೆ ಕರಕರ ಅಂದು ಸವೆದು ಹೋಗುತ್ತದೆ, ಹೆದರಬೇಡಿ. ಆಮೇಲೂ ಕಂಪನ ಇದ್ದರೆ ಡಿಸ್ಕ್ ತೋರಿಸಿ. ಗಾಡಿ ಎಡಕ್ಕೆ ಎಳೆದರೆ ಕೆಲಸ ಮಾಡದಿರುವುದು ಬಲಗಡೆಯದು. ಇದನ್ನು ಉಲ್ಟಾ ತಿಳಿದು ಚೆನ್ನಾಗಿರುವುದನ್ನೇ ಬಿಚ್ಚುವವರು ಜಾಸ್ತಿ.

ಮೂರು ಕಿಲೋಮೀಟರ್ ಓಡಿಸಿ ನಿಲ್ಲಿಸಿ, ನಾಲ್ಕು ಚಕ್ರದ ಹತ್ತಿರವೂ ಅಂಗೈ ಹಿಂಭಾಗ ಹಿಡಿದು ನೋಡಿ. ಮುಟ್ಟಬೇಡಿ. ಎಡಬಲ ಒಂದೇ ಬಿಸಿ ಇರಬೇಕು. ಒಂದು ಮಾತ್ರ ಕಾದ ಹೆಂಚಿನ ಹಾಗಿದ್ದರೆ ಅದು ಹಿಡಿದುಕೊಂಡೇ ಓಡುತ್ತಿದೆ. ನಮ್ಮದರಲ್ಲಿ ಮುಂದಿನ ಬಲ ಚಕ್ರ ಹಾಗಿತ್ತು, ಕ್ಯಾಲಿಪರಿನ ಪಿನ್ನುಗಳು ಒಣಗಿದ್ದವು. ಶುಚಿ ಮಾಡಿ ಅದಕ್ಕೆಂದೇ ಇರುವ ಗ್ರೀಸ್ ಹಚ್ಚಿದ ಮೇಲೆ ಸರಿಹೋಯಿತು. ಮನೆಗೆ ಬಂದು ಬೊಟ್ಟು ನೋಡಿ, ಅರವತ್ತು ಎಣಿಸಿ. ಒಂದು ವಾರ ದಿನಾ ಇಷ್ಟು ಮಾಡಿ.

15 ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೆ ಆರ್‌ಸಿ ರಿನ್ಯೂವಲ್ ಇರುತ್ತದಲ್ಲ, ನಮ್ಮದು 2023ರಲ್ಲಿ ಬಂತು. ಗಾಡಿ ಹೋಗಿ ಬಂತು, ಇನ್ನು 2028ರ ತನಕ ಚಿಂತೆ ಇಲ್ಲ. ಆ ವರ್ಷದ ಆಯುಧಪೂಜೆಗೆ ಅಪ್ಪ ವರಾಂಡದ ಕುರ್ಚಿಯಿಂದಲೇ ಜೋರಾಗಿ ಅರವತ್ತು ಎಣಿಸಿದರು. ಐವತ್ತೆಂಟಕ್ಕೆ ನಾನು ಕಾಲು ತೆಗೆದೆ ಅಂತ ಮತ್ತೆ ಒಂದರಿಂದ ಶುರು ಮಾಡಿಸಿದರು. ನಿಂಬೆಹಣ್ಣು ನಾಲ್ಕೂ ಒಡೆದವು. ಗೇಟು ಇನ್ನೂ ಸೊಟ್ಟಗೇ ಇದೆ, ವೆಲ್ಡಿಂಗಿನವನು ಮುಂದಿನ ವಾರ ಬರುತ್ತೇನೆ ಅಂದಿದ್ದಾನೆ.